ದಿನದ ಮೊದಲ ತುಂಡು

ನಿಜಗುಣಪ್ಪ ಉಗುರಿನಿಂದ ಅಳೆಯುತ್ತಾರೆ. ಲೇಥಿನಲ್ಲಿ ಕಡೆದ ಉಕ್ಕಿನ ಸರಳಿನ ಮೇಲೆ ಹೆಬ್ಬೆರಳಿನ ಉಗುರನ್ನು ಮೆಲ್ಲಗೆ ಎಳೆದು, ಎಲ್ಲಿ ಏರಿದೆ, ಎಲ್ಲಿ ಇಳಿದಿದೆ ಎಂದು ಹೇಳಿಬಿಡುತ್ತಾರೆ. ವರ್ಕ್‌ಶಾಪಿಗೆ ಕೆಲಸ ಮಾಡಿಸಲು ಹೋದ ನಾನು ಒಮ್ಮೆ ಪರೀಕ್ಷಿಸಿ ನೋಡಿದೆ. ಅವರು ಏರು ಇದೆ ಎಂದ ಜಾಗದ ಎರಡೂ ಬದಿಗೆ ಮೈಕ್ರೋಮೀಟರ್ ಎಂಬ ಅಳತೆಯ ಸಾಧನ ಇಟ್ಟಾಗ ವ್ಯತ್ಯಾಸ ಹತ್ತು ಮೈಕ್ರಾನ್ ಬಂತು. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲೊಂದು ಪಾಲು ಒಂದು ಮೈಕ್ರಾನ್. ನಮ್ಮ ತಲೆಗೂದಲೇ ಸುಮಾರು ಎಪ್ಪತ್ತು ಮೈಕ್ರಾನ್ ದಪ್ಪವಿರುತ್ತದೆ.

ಅವರ ಊರು ಮನೋಳಿ. ಎಂಟನೇ ಇಯತ್ತೆ ಮುಗಿಸಿ ಯರಗಟ್ಟಿಯ ಬಸವಲಿಂಗ ಎಂಬವರ ವರ್ಕ್‌ಶಾಪಿಗೆ ಸೇರಿದವರು ನಲವತ್ತೊಂದು ವರ್ಷ ಅದೇ ಲೇಥಿನ ಮುಂದೆ ನಿಂತರು. ಸವದತ್ತಿ ಕಡೆಯ ಕೂರಿಗೆಯ ಹಲ್ಲು, ಬೈಲಹೊಂಗಲದ ಕಬ್ಬಿನ ಗಾಣದ ಶಾಫ್ಟ್, ಹೊಳೆದಂಡೆಯ ಮೋಟಾರುಗಳ ಸವೆದ ಬುಶ್, ಎಲ್ಲವೂ ಅವರ ಕೈಮೇಲೆ ಹಾದುಹೋಗಿವೆ. ಬಸವಲಿಂಗ ತೀರಿಕೊಂಡ ಮೇಲೆ ಮಗಳು ಅನ್ನಪೂರ್ಣಾ ವರ್ಕ್‌ಶಾಪು ನಡೆಸುತ್ತಿದ್ದಾಳೆ. ಮೆಕ್ಯಾನಿಕಲ್ ಡಿಪ್ಲೊಮಾ ಓದಿದವಳು. ನಿಜಗುಣಪ್ಪನವರಿಗೆ ಕಾಕಾ ಅನ್ನುತ್ತಾಳೆ.

ಕಂಪ್ಯೂಟರು ನಡೆಸುವ ಸಿಎನ್‌ಸಿ ಯಂತ್ರ ತರಬೇಕೆಂಬುದು ಅವಳ ವಿಚಾರ. ಆದರೆ ಯಾವುದು? ಬೆಳಗಾವಿಯಲ್ಲಿ ಯಂತ್ರ ಮಾರುವವನು ಕಡೆಯುವುದು, ಕೊರೆಯುವುದು, ಚಡಿ ಕತ್ತರಿಸುವುದು ಎಲ್ಲವನ್ನೂ ಮಾಡುವ ದೊಡ್ಡ ಹೊಸ ಯಂತ್ರವನ್ನೇ ತೋರಿಸುತ್ತಿದ್ದ. ಅನ್ನಪೂರ್ಣಾ ಮನೆಗೆ ಬಂದು ಒಂದು ವರ್ಷದ ಕೆಲಸದ ವಹಿ ತೆಗೆದಳು. ಒಟ್ಟು ಇನ್ನೂರ ಹದಿನಾಲ್ಕು ಬಗೆಯ ತುಂಡುಗಳು; ಅವುಗಳಲ್ಲಿ ನೂರ ಎಂಬತ್ತು ದುಂಡನೆಯವು, ಎಲ್ಲವೂ ಗೇಣಿಗಿಂತ ಕಡಿಮೆ ಅಗಲ. ಎಲ್ಲ ಮಾಡುವ ದೊಡ್ಡ ಯಂತ್ರ ಈಗಲೇ ಬೇಡ, ಸಣ್ಣ ಸಿಎನ್‌ಸಿ ಲೇಥು ಸಾಕು ಎಂಬುದು ಆ ವಹಿಯಿಂದಲೇ ತೀರ್ಮಾನವಾಯಿತು.

ಯಾವ ಲೇಥು ಎಂಬುದನ್ನು ಮಾತ್ರ ಅವಳು ಕಾಕಾನಿಗೇ ಬಿಟ್ಟಳು. ಬೆಳಗಾವಿಗೆ ಹೋದ ಅವರು ಪುಸ್ತಿಕೆ ನೋಡಲಿಲ್ಲ. ಒಂದೊಂದು ಯಂತ್ರವನ್ನೂ ಚಾಲೂ ಮಾಡಿಸಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಸ್ಪಿಂಡಲು ಎಂಬ ತಿರುಗುವ ಅಚ್ಚಿನ ಹೊರಕವಚದ ಮೇಲಿಟ್ಟು, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ನಿಂತರು. ಸ್ಪಿಂಡಲನ್ನು ಹೊರುವ ಬೇರಿಂಗ್ ಕೆಟ್ಟಿದ್ದರೆ ಸದ್ದಿನಲ್ಲಿ ಮರಳು ಸಿಕ್ಕಂತಾಗುತ್ತದಂತೆ. ಆಮೇಲೆ ಒಂದು ಸರಳು ಕಡೆಸಿ, ಅದರ ಎರಡೂ ತುದಿಗೆ ಉಗುರು ಎಳೆದು ನೋಡಿದರು. ಮಾರುವವನಿಗೆ ನಗು ಬಂತು.

“ಹೆಣ್ಣ ನೋಡಾಕ ಬಂದೇರೇನ್ರಿ ಅಜ್ಜಾರ?”

“ಹೆಣ್ಣಾದ್ರ ತಾನಽ ಮಾತಾಡತೈತಿ. ಇದನ್ನ ನಾವಽ ಮಾತಾಡಸಬೇಕಲ್ಲೋ ತಮ್ಮಾ” ಎಂದರು ನಿಜಗುಣಪ್ಪ.

ಅವರು ಆರಿಸಿದ್ದು ಆರು ವರ್ಷ ಓಡಿದ, ಬಣ್ಣ ಮಾಸಿದ ಸಣ್ಣ ಯಂತ್ರವನ್ನು. ಸ್ಪಿಂಡಲು ಛಲೋ ಇದೆ ಎಂದು ಅವರ ಕಿವಿ ಹೇಳಿತ್ತು.

ಯಂತ್ರ ಯರಗಟ್ಟಿಗೆ ಬಂತು. ಅನ್ನಪೂರ್ಣಾ ಅಳತೆಗಳನ್ನು ಒತ್ತಿ ಮೊದಲ ಕೆಲಸ ಹಚ್ಚಿದ ದಿನ ನಿಜಗುಣಪ್ಪ ಅದರ ಗಾಜಿನ ಬಾಗಿಲಿನ ಮುಂದೆ ಒಂದು ತಾಸು ಕದಲದೆ ನಿಂತಿದ್ದರು. ಒಳಗೆ ತಂಪು ಮಾಡುವ ಕೂಲಂಟಿನ ಬಿಳಿನೀರು ಚಿಮ್ಮುತ್ತಿತ್ತು. ಕಡಿಯುವ ಹತಾರ ಯಾರೂ ಮುಟ್ಟದೆ ಮುಂದೆ ಹೋಗಿ, ನಿಂತು, ಹಿಂದೆ ಬರುತ್ತಿತ್ತು. ಹತ್ತು ತುಂಡು ಹೊರಬಂದವು. ಅವರು ಹತ್ತನ್ನೂ ಅಳೆದರು. ಮೈಕ್ರೋಮೀಟರ್ ಕೆಟ್ಟಿರಬೇಕು ಎಂದು ಇನ್ನೊಂದರಿಂದ ಅಳೆದರು. ಹತ್ತೂ ತುಂಡುಗಳ ನಡುವೆ ಮೂರು ಮೈಕ್ರಾನಿಗಿಂತ ಹೆಚ್ಚಿನ ಅಂತರ ಇರಲಿಲ್ಲ. ಅವರು ಸ್ಟೂಲಿನ ಮೇಲೆ ಕುಳಿತರು. ಜೀವಮಾನದಲ್ಲಿ ತಾನು ಇಂಥವು ನಾಲ್ಕೋ ಐದೋ ಮಾಡಿರಬಹುದು, ಅದೂ ಮೈ ಮನಸ್ಸು ಎರಡೂ ಸರಿ ಇದ್ದ ದಿನ ಎಂದು ಆ ಸಂಜೆ ಹೆಂಡತಿ ಗುರವ್ವನ ಮುಂದೆ ಹೇಳಿದರಂತೆ. ಅವರ ಮಾತಿನಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ, ಬೆರಗಿತ್ತು.

ಅದೇ ತಿಂಗಳು ಬೆಳಗಾವಿಯ ಒಂದು ಪಂಪಿನ ಕಾರ್ಖಾನೆಯವರು ಕಂಚಿನ ಬಿಲ್ಲೆಗಳನ್ನು ಮಾಡಿಕೊಡುವಿರಾ ಎಂದು ಕೇಳಿದರು. ಅಂಗೈಯಗಲದ ಬಿಲ್ಲೆ, ಸುತ್ತಲೂ ದಪ್ಪ ಒಂದೇ ಇರಬೇಕು, ಹದಿನೈದು ಮೈಕ್ರಾನಿಗಿಂತ ಹೆಚ್ಚು ಏರುಪೇರು ನಡೆಯದು. ತಮ್ಮ ಪರೀಕ್ಷಕರು ಮೂರು ವಾರದ ನಂತರ ಸೋಮವಾರ ಬಂದು, ದಿನದ ಮೊದಲ ತುಂಡಿನಿಂದಲೇ ಎದುರಿಗೆ ನಿಂತು ಅಳೆಯುತ್ತಾರೆ ಎಂದು ತಿಳಿಸಿದರು.

ತಾಲೀಮು ಶುರುವಾಯಿತು. ಆಗಲೇ ದೋಷ ಕಂಡದ್ದು. ಪ್ರತಿದಿನ ಬೆಳಗಿನ ಮೊದಲ ಬಿಲ್ಲೆ ಒಂದು ಕಡೆ ತೆಳುವಾಗಿ ಬರುತ್ತಿತ್ತು, ಸುಮಾರು ಮೂವತ್ತು ಮೈಕ್ರಾನ್. ಎರಡನೆಯದು ಹತ್ತಿರ ಹತ್ತಿರ ಸರಿ. ಮೂರನೆಯದರಿಂದ ಸಂಜೆಯವರೆಗೆ ನಾಲ್ಕು, ಐದು ಮೈಕ್ರಾನ್, ಅಷ್ಟೆ. ಮರುದಿನ ಬೆಳಿಗ್ಗೆ ಮತ್ತೆ ಅದೇ ಕಥೆ.

ಸರ್ವಿಸಿನ ಸುಭಾಸ ಬಂದು ನೋಡಿದ. ತಣ್ಣಗಿರುವ ಯಂತ್ರ ಬಿಸಿಯಾಗುವವರೆಗೆ ಅಳತೆ ಸರಿಯುವುದುಂಟು, ಬೆಳಿಗ್ಗೆ ಅರ್ಧ ತಾಸು ನೀರಿಲ್ಲದೆ ಖಾಲಿ ಓಡಿಸಿರಿ ಎಂದ. ಅದು ಸರಿಯಾದ ಸಲಹೆಯೇ. ಓಡಿಸಿದರು. ಮೊದಲ ತುಂಡು ಸುಧಾರಿಸಲಿಲ್ಲ. ಸುಭಾಸ ಎರಡನೆಯ ಸಲ ಬಂದಾಗ ಬೇರಿಂಗಿನ ಮಾತು ತೆಗೆದ. ಸ್ಪಿಂಡಲು ಬಿಚ್ಚಿ ಪುಣೆಗೆ ಕಳಿಸಬೇಕು, ಬರಲು ಒಂದು ತಿಂಗಳು ಬೇಕು.

“ಹಳೇ ಮಷಿನ್ ತಗೊಂಡ್ರ ಹಿಂಗಽ ನೋಡ್ರಿ. ಅವರು ಬರೂದರೊಳಗ ಮೊದಲನೇದು ತಗದು ಒಗದುಬಿಡ್ರಿ, ಅವರಿಗೇನ ಗೊತ್ತಾಗತೈತಿ?”

ನಿಜಗುಣಪ್ಪ ಅನ್ನಪೂರ್ಣಾಳ ಕಡೆ ತಿರುಗಿದರು. “ಬೇರಿಂಗ್ ಛಲೋ ಐತಿ ಅಂತ ಹೇಳಿದ್ದು ನನ್ನ ಕಿವಿ. ಅದಽ ಸುಳ್ಳ ಹೇಳಿತ್ತಂದ್ರ ನಾ ಇಲ್ಲಿ ನಿಂತು ಉಪಯೋಗಿಲ್ಲವ್ವಾ. ಸೋಮವಾರ ಇದು ತಪ್ಪಿದ್ರ ನಾ ಮನೋಳಿಗೆ ಹೋಗತೇನಿ.”

ಅವರು ಆಡಿದ ಮಾತು ಹಿಂದೆ ತೆಗೆದುಕೊಳ್ಳುವವರಲ್ಲ ಎಂಬುದು ಅವಳಿಗೆ ಚಿಕ್ಕಂದಿನಿಂದ ಗೊತ್ತು.

ಶುಕ್ರವಾರ ನಿಜಗುಣಪ್ಪ ರಾಮದುರ್ಗದ ಬೀಗರ ಮನೆಗೆ ಕಾರ್ಯಕ್ಕೆ ಹೋಗಿದ್ದರು. ಶನಿವಾರ ಬೆಳಿಗ್ಗೆ ವರ್ಕ್‌ಶಾಪಿನ ಬಾಗಿಲಿನಲ್ಲೇ ಅನ್ನಪೂರ್ಣಾ ಎದುರಾದಳು. ಹೇಳಲೋ ಬೇಡವೋ ಎಂಬಂತಿತ್ತು ಅವಳ ಮುಖ.

“ಕಾಕಾ, ನಿನ್ನಿ ನೀವು ಇರಲಿಲ್ಲಲ್ರಿ. ನಿನ್ನಿ ಮೊದಲನೇದಽ ನಾಕ ಮೈಕ್ರಾನ್ ಬಂತು.”

ಅವರು ಚೀಲವನ್ನು ಗೂಟಕ್ಕೆ ಹಾಕಿದರು. “ಹಂಗಾದ್ರ ಜಡ್ಡು ಬೇರಿಂಗಿಗಿಲ್ಲ, ನನಗ ಐತಿ” ಎಂದರು. ನೋವಾಗಿತ್ತು, ಆದರೆ ದನಿ ತಣ್ಣಗಿತ್ತು. “ಒಂದ ಹಾಳಿ ತಗೋ. ಮುಂಜಾನೆ ಬಂದಕೂಡ್ಲೆ ನಾ ಏನೇನ ಮಾಡತೇನಿ, ಒಂದೊಂದಽ ಹೇಳತೇನಿ, ಬರಕೋ.”

ಅವಳು ಬರೆದುಕೊಂಡಳು. ಶಟರ್ ಎತ್ತುತ್ತೇನೆ. ಎಣ್ಣೆಯ ಮಟ್ಟ ನೋಡುತ್ತೇನೆ. ಅರಿವೆಯಿಂದ ಒಳಗೆಲ್ಲ ಒರೆಸುತ್ತೇನೆ. ಕೈ ತೊಳೆಯುತ್ತೇನೆ. ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು ಯಂತ್ರದ ಚಕ್‌ಗೆ ಹಚ್ಚುತ್ತೇನೆ.

ಅಲ್ಲಿ ಪೆನ್ನು ನಿಂತಿತು. ಇಬ್ಬರೂ ಯಂತ್ರದ ಕಡೆ ನೋಡಿದರು.

ತುಂಡನ್ನು ಬಿಗಿಹಿಡಿದು ತಿರುಗಿಸುವ ಚಕ್ ಎಂಬ ಭಾಗಕ್ಕೆ ಮೂರು ದವಡೆಗಳಿರುತ್ತವೆ, ಪ್ರತಿಯೊಂದಕ್ಕೂ ನಂಬರು ಕೊರೆದಿರುತ್ತದೆ. ಒಂದನೇ ನಂಬರಿನ ದವಡೆಗೆ ಮೂರು ಬೆರಳಿನಿಂದ ವಿಭೂತಿ ಎಳೆದೇ ಕೆಲಸ ಶುರು ಮಾಡುವುದು ನಿಜಗುಣಪ್ಪನವರ ರೂಢಿ, ಬಸವಲಿಂಗನವರ ಕಾಲದಿಂದಲೂ. ಹಳೆಯ ಲೇಥಿನಲ್ಲಿ ಅದರಿಂದ ಏನೂ ಆಗುತ್ತಿರಲಿಲ್ಲ. ದವಡೆಗಳು ಸರಳಿನ ಮೈಯನ್ನು ಹಿಡಿಯುತ್ತಿದ್ದವು, ವಿಭೂತಿ ಇರುತ್ತಿದ್ದದ್ದು ಮುಂದಿನ ಮುಖದ ಮೇಲೆ. ಹೊಸ ಯಂತ್ರದಲ್ಲಿ ಕಂಚಿನ ಬಿಲ್ಲೆ ಆನಿಕೊಂಡು ಕೂರುವುದೇ ಆ ಮುಖದ ಮೇಲೆ.

ಅನ್ನಪೂರ್ಣಾ ದವಡೆಯನ್ನು ಒರೆಸಿ ಒಂದು ಬಿಲ್ಲೆ ಕಡೆದಳು. ನಾಲ್ಕು ಮೈಕ್ರಾನ್. ಅವರು ವಿಭೂತಿ ಹಚ್ಚಿದರು, ಒಣಗಲು ಬಿಟ್ಟರು, ಮತ್ತೊಂದು ಕಡೆದರು. ಮೂವತ್ತೊಂದು. ಒರೆಸಿದಾಗ ಐದು. ಹಚ್ಚಿದಾಗ ಇಪ್ಪತ್ತೊಂಬತ್ತು. ಪ್ರತಿ ಬಿಲ್ಲೆಯ ಮೇಲೂ ಒಂದನೇ ದವಡೆಯ ಎದುರಿಗೆ ಗುರುತು ಹಾಕಿದ್ದರು. ವಿಭೂತಿಯಿದ್ದಾಗ ತೆಳುವಾದ ಕಡೆ ಆ ಗುರುತಿನ ಹತ್ತಿರವೇ ಇತ್ತು. ವಿಭೂತಿ ಬಿಲ್ಲೆಯ ಆ ಅಂಚನ್ನು ಮೂವತ್ತು ಮೈಕ್ರಾನ್ ಮುಂದಕ್ಕೆ ನೂಕುತ್ತಿತ್ತು, ಹತಾರ ಅಷ್ಟನ್ನೇ ಹೆಚ್ಚು ಕಡಿಯುತ್ತಿತ್ತು. ಮೊದಲ ತುಂಡಿನ ಕೆಲಸ ಮುಗಿಯುವಷ್ಟರಲ್ಲಿ ಕೂಲಂಟು ಅದನ್ನು ಬಹುಪಾಲು ತೊಳೆದುಬಿಡುತ್ತಿತ್ತು. ನೀರಿಲ್ಲದೆ ಖಾಲಿ ಓಡಿಸಿದ ದಿನಗಳಲ್ಲಿ ಅದು ಇನ್ನಷ್ಟು ಗಟ್ಟಿಯಾಗಿ ಕೂತಿರಬೇಕು.

ಅವಳು ಕಾಕಾನ ಮುಖ ನೋಡಿದಳು. ಅವರು ನಾಚಿಕೊಳ್ಳುತ್ತಾರೆ ಎಂದುಕೊಂಡಿದ್ದಳು. ಅವರು ತಮ್ಮ ಮೂರು ಬೆರಳುಗಳನ್ನು ಬೆಳಕಿಗೆ ಹಿಡಿದು ನೋಡಿಕೊಳ್ಳುತ್ತಿದ್ದರು.

“ನಲವತ್ತೊಂದ ವರ್ಷ ಹಚ್ಚೇನಿ” ಎಂದರು. “ಎಟ್ಟ ದಪ್ಪ ಹಚ್ಚತಿ ಅಂತ ಇಲ್ಲೀತನಕ ಯಾವ ಮಷಿನ್ನೂ ನನಗ ಹೇಳಿರಲಿಲ್ಲ.”

ನಾನು ಈ ಮಾತನ್ನು ಅನ್ನಪೂರ್ಣಾಳ ಬಾಯಿಂದ ಕೇಳಿದ ಮೇಲೆ ಅವಳು ದಿನವೂ ಬರೆದಿಟ್ಟಿದ್ದ ಅಳತೆಯ ಅಂಕಿಗಳನ್ನು ನೋಡಿದೆ. ನನ್ನನ್ನು ಬೆರಗುಗೊಳಿಸಿದ್ದು ಯಂತ್ರದ ಸೂಕ್ಷ್ಮವೊಂದೇ ಅಲ್ಲ. ಅವರಿಲ್ಲದ ಆ ಶುಕ್ರವಾರವೊಂದನ್ನು ಬಿಟ್ಟರೆ, ತಾಲೀಮಿನ ಮೂರು ವಾರದ ಪ್ರತಿ ಬೆಳಗಿನ ಅಂಕಿಯೂ ಇಪ್ಪತ್ತೆಂಟಕ್ಕೂ ಮೂವತ್ತೆರಡಕ್ಕೂ ನಡುವೆಯೇ ಇತ್ತು. ಒದ್ದೆ ವಿಭೂತಿಯನ್ನು ಬರಿಬೆರಳಿನಿಂದ ಎಳೆಯುವ ಮನುಷ್ಯ, ಅಳೆಯುವ ಉದ್ದೇಶವೇ ಇಲ್ಲದೆ, ದಿನವೂ ಅಷ್ಟೇ ದಪ್ಪ ಎಳೆದಿದ್ದರು.

ಸೋಮವಾರ ಪರೀಕ್ಷಕರು ಎಂಟು ಗಂಟೆಗೇ ಬಂದರು. ನಿಜಗುಣಪ್ಪ ಅವರೆದುರಿಗೇ ಒಳಗೆಲ್ಲ ಒರೆಸಿ, ದವಡೆಯ ಮುಖಕ್ಕೆ ಉಗುರು ಎಳೆದು ನೋಡಿ, ಕೈ ತೊಳೆದರು. ವಿಭೂತಿ ತೇಯ್ದು ಯಂತ್ರದ ಹೊರಗೆ, ಗಾಜಿನ ಬಾಗಿಲಿನ ಮೇಲಿನ ತಗಡಿಗೆ ಮೂರು ಬೆರಳು ಎಳೆದರು. ಅನ್ನಪೂರ್ಣಾ ಗುಂಡಿ ಒತ್ತಿದಳು. ಮೊದಲ ಬಿಲ್ಲೆ ಹೊರಬಂದಾಗ ಪರೀಕ್ಷಕರು ಅದನ್ನು ತಾವೇ ತಂದಿದ್ದ, ಏರುಪೇರು ಅಳೆಯುವ ಡಯಲ್ ಗೇಜಿನ ಕೆಳಗಿಟ್ಟು ಸುತ್ತಲೂ ತಿರುಗಿಸಿದರು. ಮುಳ್ಳು ನಾಲ್ಕು ಮೈಕ್ರಾನಿನ ಒಳಗೇ ಆಡಿತು. ಎರಡನೆಯದೂ ಹಾಗೆಯೇ. ಆರನೆಯದಕ್ಕೆ ಅವರು ಗೇಜನ್ನು ಪೆಟ್ಟಿಗೆಯಲ್ಲಿಟ್ಟು, ಇನ್ನು ಕೆಲಸ ನಡೆಸಿರಿ ಎಂದರು.

ಹೋಗುವಾಗ ಬಾಗಿಲಿನ ಮೇಲಿನ ಬಿಳಿ ಗೆರೆಗಳನ್ನು ನೋಡಿ ಅದೇನೆಂದು ಕೇಳಿದರು.

“ವಿಭೂತಿರಿ” ಎಂದರು ನಿಜಗುಣಪ್ಪ. “ಮೂವತ್ತ ಮೈಕ್ರಾನ್ ಐತಿ.”

ಪರೀಕ್ಷಕರು ನಕ್ಕರು, ತಮಾಷೆ ಎಂದುಕೊಂಡರು. ನಿಜಗುಣಪ್ಪ ಆಗಲೇ ಏಳನೆಯ ಬಿಲ್ಲೆಯನ್ನು ಒರೆಸುತ್ತ ಯಂತ್ರದ ಮುಂದೆ ನಿಂತಿದ್ದರು.