ಎರಡನೆಯ ಸದ್ದು

ಎಡಗಾಲಲ್ಲಿ ಕಾಲುಚೈನು ಕೂರುವ ಜಾಗ ಕಪ್ಪಾಗಿದೆ ಎಂದು ಅಕ್ಕ ತೋರಿಸಿದ್ದು ಎರಡೂವರೆ ವರ್ಷದ ಹಿಂದೆ. ಸಂಜೆಗೆ ಪಾದ ಊದುತ್ತಿತ್ತು. ಬೆಳಿಗ್ಗೆ ಇಳಿಯುತ್ತಿತ್ತು. ಮೀನಖಂಡದ ಮೇಲೆ ನೀಲಿ ಗಂಟುಗಳು.

ದೊಡ್ಡಬಳ್ಳಾಪುರದಲ್ಲಿ ಅಕ್ಕನದು ಎರಡು ಪವರ್‌ಲೂಮ್. ಮದುವೆಯಾಗಿ ಬಂದಾಗಿನಿಂದ ಮಗ್ಗದ ಮುಂದೆ ನಿಂತೇ ಕೆಲಸ.

ಕೇಳಿದವರಿಗೆಲ್ಲ ನಾವು ಹೇಳಿದ್ದು ನರದ ತೊಂದರೆ ಎಂದು. ಔಷಧಿ ಅಂಗಡಿಯವರು ನರಕ್ಕೆ ಮಾತ್ರೆ ಕೊಟ್ಟರು. ಎಣ್ಣೆ ಹಚ್ಚಿ ನರ ನೀವುವವರ ಬಳಿಗೆ ನಾನೇ ಕರೆದೊಯ್ದೆ.

ಕಪ್ಪು ಜಾಗ ಒಡೆದು ಹುಣ್ಣಾಯಿತು.

ನಾಲ್ಕು ತಿಂಗಳಾದರೂ ಮಾಯಲಿಲ್ಲ. "ಕಾಲು ತೆಗೆದ್ಬಿಟ್ರೆ ಮಗ್ಗದ ಮುಂದೆ ಹೆಂಗೋ ನಿಂತ್ಕೊಳ್ಳಲಿ?" ಎಂದು ಅಕ್ಕ ಒಮ್ಮೆ ಕೇಳಿದಳು. ಮರುದಿನ ಆಸ್ಪತ್ರೆಗೆ ಹೋದೆವು.

"ನರ ಅಲ್ಲಮ್ಮ ಇದು, ವೇಯ್ನ್. ರಕ್ತ ವಾಪಸ್ ಹೃದಯಕ್ಕೆ ಹೋಗೋ ದಾರಿ," ಎಂದರು ಡಾಕ್ಟರ್. ನಮ್ಮ ಮಾತಿನಲ್ಲಿ ನರ್ವೂ ವೇಯ್ನೂ ಎರಡೂ ನರವೇ. ಒಂದು ಪದಕ್ಕೆ ಎರಡು ವರ್ಷ ಕೊಟ್ಟಿದ್ದೆವು.

ರಕ್ತ ಹರಿಯುವ ಸದ್ದು ಕೇಳಿಸುವ ಡಾಪ್ಲರ್ ಸ್ಕ್ಯಾನ್. ಡಾಕ್ಟರ್ ಮೀನಖಂಡ ಹಿಂಡಿದರು. ಜುಯ್ ಎಂದಿತು ಯಂತ್ರ, ರಕ್ತ ಮೇಲಕ್ಕೆ. ಕೈ ಬಿಟ್ಟರು. ಎರಡನೆಯ ಸದ್ದು, ಉದ್ದನೆಯದು. ಏರಿದ್ದು ಇಳಿಯುತ್ತಿತ್ತು.

"ಮಗ್ಗದ ಲಾಳಿ ಥರ ಹೋಗಿ ವಾಪಸ್ ಬರ್ತೈತಲ್ಲ," ಎಂದಳು ಅಕ್ಕ.

"ಲಾಳಿ ಬರ್ಬೇಕು. ರಕ್ತ ಬರ್ಬಾರ್ದು."

ನಾಳದೊಳಗೆ ಮೇಲ್ಮುಖವಾಗಿ ಮಾತ್ರ ತೆರೆಯುವ ಪುಟ್ಟ ಬಾಗಿಲುಗಳಿವೆಯಂತೆ, ವಾಲ್ವ್‌ಗಳು. ನಡೆದಾಗಲೆಲ್ಲ ಮೀನಖಂಡ ಹಿಂಡಿಕೊಂಡು ರಕ್ತವನ್ನು ಮೇಲೆತ್ತುತ್ತದೆ, ಅದು ಜಾರದಂತೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಅಲುಗದೆ ನಿಂತರೆ ಭಾರವೆಲ್ಲ ಬಾಗಿಲುಗಳ ಮೇಲೆ. ಇಷ್ಟು ವರ್ಷ, ಮಗ್ಗಗಳ ಗದ್ದಲದ ಕೋಣೆಯಲ್ಲಿ, ಅವು ಸದ್ದಿಲ್ಲದೆ ತಡೆದು ನಿಂತು ಸೋತಿದ್ದವು. ನಾನು ಅಕ್ಕನ ಕಾಲನ್ನು ಮೊದಲ ಸಲ ನೋಡಿದಂತೆ ನೋಡಿದೆ.

ಕೆಟ್ಟ ನಾಳವನ್ನು ಲೇಸರ್‌ನಿಂದ ಮುಚ್ಚಿದರು, ರಕ್ತ ಇನ್ನು ಒಳಗಿನ ದೊಡ್ಡ ನಾಳದಲ್ಲಿ ಏರುತ್ತದಂತೆ. ವಾರಕ್ಕೊಮ್ಮೆ ಬಿಗಿ ಬ್ಯಾಂಡೇಜ್. ಮಲಗಿದರೆ ಕಾಲ ಕೆಳಗೆ ಎರಡು ದಿಂಬು. ಮೂರನೆಯ ತಿಂಗಳು ಹುಣ್ಣು ಮುಚ್ಚಿತು. ಕಪ್ಪು ಕಲೆ ಹೋಗುವುದಿಲ್ಲ, ಹುಣ್ಣು ಮರುಕಳಿಸಲೂಬಹುದು ಎಂದಿದ್ದಾರೆ. ಈಗ ಅಕ್ಕ ಹಾಸಿಗೆ ಬಿಡುವ ಮುಂಚೆಯೇ ಬಿಗಿ ಸ್ಟಾಕಿಂಗ್ಸ್ ಏರಿಸುತ್ತಾಳೆ. ಎರಡು ಮಗ್ಗಗಳ ನಡುವೆ ನಿಲ್ಲದೆ ಓಡಾಡುತ್ತಾಳೆ.

ಮೊನ್ನೆ ಮತ್ತೆ ಸ್ಕ್ಯಾನ್. ಒಳಗಿನ ದೊಡ್ಡ ನಾಳದ ಮೇಲೆ ಯಂತ್ರವಿಟ್ಟು ಹಿಂಡಿದರು. ಜುಯ್. ಕೈ ಬಿಟ್ಟರು.

ಏನೂ ಇಲ್ಲ.

ಅಕ್ಕ ನನ್ನ ಕೈ ಹಿಡಿದಳು. "ರಕ್ತಾನೇ ನಿಂತೋಯ್ತಾ?"

"ವಾಪಸ್ ಬರ್ಲಿಲ್ಲಮ್ಮ, ಅಷ್ಟೇ."

ಇನ್ನೊಂದ್ಸಲ ಮಾಡಿ ಎಂದು ಅಕ್ಕ ಕೇಳಿದಳು. ಡಾಕ್ಟರ್ ನಕ್ಕು ಹಿಂಡಿ, ಬಿಟ್ಟರು. ಮಗ್ಗದ ಸದ್ದಿನಲ್ಲೇ ಬದುಕಿದವಳು, ಬಾರದ ಆ ಎರಡನೆಯ ಸದ್ದಿಗೆ ಕಿವಿಗೊಟ್ಟು ಮಲಗಿದ್ದಳು.