ಬಜಪೆಯ ಏರಿನಲ್ಲಿ ದೊಡ್ಡ ಟಯರು

ಬಜಪೆಯ ಏರಿನಲ್ಲಿ ಜೀಪು ನಿಲ್ಲಿಸಬಾರದು ಎಂಬುದು ಆ ದಿನ ನನಗೆ ನಾನೇ ಹಾಕಿಕೊಂಡ ಕಟ್ಟಳೆ. ಜೀಪಿನ ಹಿಂದೆ ಕಾಂಕ್ರೀಟು ಕಲಸುವ ಯಂತ್ರ ಕಟ್ಟಿ ಎಳೆಯುತ್ತಿದ್ದೆ. ಬೋಳಾರದ ಹೊಳೆಬದಿಯ ಕೆಸರಿಗೆಂದು ಡೀಸೆಲ್ ಜೀಪಿಗೆ ದೊಡ್ಡ ಟಯರು ಹಾಕಿಸಿದ ಮೇಲೆ ಅದರ ಎಳೆಯುವ ಶಕ್ತಿ ಕುಗ್ಗಿತ್ತು. ನಾಲ್ಕೂ ಚಕ್ರ ಎಳೆಯುವಂತೆ ಮಾಡಿ, ಎಲ್ಲಕ್ಕಿಂತ ಸಣ್ಣ ಗೇರಿನಲ್ಲಿ ತೆವಳುತ್ತಿದ್ದೆ. ನಿಂತರೆ ಮತ್ತೆ ಹೊರಡುವ ಭರವಸೆ ಇರಲಿಲ್ಲ.

ಆಗ ತೆಂಗಿನಕಾಯಿಯ ಗೋಣಿ ಹೊತ್ತ ಕ್ರೈಸ್ತ ಹೆಂಗಸೊಬ್ಬರು ಕೈ ತೋರಿಸಿದರು.

"ನಿಲ್ಲಿಸ್ಲಿಕ್ಕೆ ಆಗುವುದಿಲ್ಲ ಬಾಯಮ್ಮ. ಗೋಣಿ ಹಿಂದೆ ಹಾಕಿ," ಎಂದೆ.

ಅವರು ಗೋಣಿ ಹಾಕಿ ಪಕ್ಕದಲ್ಲೇ ನಡೆಯತೊಡಗಿದರು. ತಂಗಿಯ ಮಗಳಿಗೆ ನಾಳೆ ಮದುವೆಯಂತೆ. ಇವತ್ತು ಸಂಜೆ ಅವಳಿಗೆ ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರವಂತೆ.

"ಇಷ್ಟು ದೊಡ್ಡ ಚಕ್ರ ಉಂಟು, ಬೇಗ ಹೋಗ್ಬೇಕಲ್ಲ?"

"ದೊಡ್ಡದಾದಷ್ಟು ಇಂಜಿನಿಗೆ ತಿರುಗಿಸ್ಲಿಕ್ಕೆ ಕಷ್ಟ. ಸಣ್ಣದಾದರೆ ಕೆಸರಲ್ಲಿ ಹೂತುಹೋಗ್ತದೆ."

ಅವರು ಒಣಗಿದ ಕೆಂಪು ರಸ್ತೆಯನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. "ಇಲ್ಲಿ ಕೆಸರು ಎಲ್ಲುಂಟು ಮಾರಾಯ್ರೆ?"

ಅವರು ಕಿಟಕಿಯಲ್ಲಿ ಇಣುಕಿದರು. "ಗೇರಿನ ಹತ್ತಿರ ಇನ್ನೊಂದು ಕೋಲು ಎಂತಕ್ಕೆ?"

"ಅದು ಹಾಕಿದರೆ ಬಲ ಹೆಚ್ಚಾಗ್ತದೆ, ವೇಗ ಕಮ್ಮಿಯಾಗ್ತದೆ."

"ವೇಗ ಕಮ್ಮಿಯಾದದ್ದು ನನಗೂ ಗೊತ್ತಾಯ್ತು."

ಏರು ಮುಗಿದು ನೆಲ ಸಮವಾದಾಗ ನಿಲ್ಲಿಸಿ, "ಈಗ ಹತ್ತಿ, ಮನೆವರೆಗೆ ಬಿಡ್ತೇನೆ," ಎಂದೆ.

"ಬೇಡ, ಮನೆ ಅಲ್ಲೇ ಕಾಣ್ತದೆ." ಅವರು ಗೋಣಿ ಇಳಿಸಿಕೊಂಡರು. "ನೀವೂ ಸಂಜೆ ರೋಸಿಗೆ ಬನ್ನಿ. ನಡೆದೇ ಬನ್ನಿ, ಬೇಗ ತಲುಪ್ತೀರಿ."

ಯಂತ್ರವನ್ನು ಕೆಲಸದ ಜಾಗಕ್ಕೆ ಮುಟ್ಟಿಸಿ, ಜೀಪನ್ನು ಅಲ್ಲೇ ಬಿಟ್ಟು ಸಂಜೆ ರೋಸಿಗೆ ನಡೆದೇ ಹೋದೆ. ಊಟದ ಹೊತ್ತಿಗೆ ಸರಿಯಾಗಿ ತಲುಪಿದೆ.