ಕಲಾಯಿಗೆ ಹೋಗದ ಕಿಲುಬು

ಮದರಾಸಿನ ಆಸ್ಪತ್ರೆಯೊಂದರಲ್ಲಿ ನನ್ನ ಬಲಗಿವಿಯ ಹಿಂದೆ ತಲೆಬುರುಡೆ ತೆರೆದು, ಕೇಳುವ ನರದ ಮೇಲೆ ಬೆಳೆದಿದ್ದ ಗೆಡ್ಡೆಯನ್ನು ತೆಗೆದರು. ಯುದ್ಧ ನಡೆಯುತ್ತಿದ್ದ ಕಾಲ. ಅಂಥ ಆಪರೇಷನ್ನಿಗೆ ಹೋದವನು ಬದುಕಿ ಬರುವುದುಂಟೇ ಎಂದು ಊರಿನವರು ಆಗಲೇ ನನ್ನನ್ನು ಸತ್ತವರ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದರು. ಬಂದೆ. ಬಲಗಿವಿ ಪೂರಾ ಹೋಗಿತ್ತು, ಬಾಯಿ ಎಡಕ್ಕೆ ಸೊಟ್ಟಗಾಗಿತ್ತು, ಬಲಗಣ್ಣು ನಿದ್ದೆಯಲ್ಲೂ ಸರಿಯಾಗಿ ಮುಚ್ಚುತ್ತಿರಲಿಲ್ಲ. ಇವೆಲ್ಲ ಆಗಬಹುದೆಂದು ಡಾಕ್ಟರು ಮೊದಲೇ ಹೇಳಿದ್ದರು. ನಾಲಗೆಯ ಮಾತನ್ನು ಯಾರೂ ಎತ್ತಿರಲಿಲ್ಲ, ನಾನೂ ಕೇಳಿರಲಿಲ್ಲ. ಜೀವ ಉಳಿದರೆ ಸಾಕು ಎನ್ನುವವನು ಸಾರಿನ ರುಚಿ ವಿಚಾರಿಸುತ್ತಾನೆಯೇ?

ಆಸ್ಪತ್ರೆಯಲ್ಲಿ ಗಂಜಿ, ಬ್ರೆಡ್ಡು, ಹಾಲು ಎಲ್ಲವೂ ಒಂದೇ ಥರ ಇದ್ದವು. ಅಲ್ಲಿಯ ಅಡುಗೆಯೇ ಹಾಗೆ ಎಂದು ಬೈದುಕೊಂಡು ಬಿದ್ದಿದ್ದೆ. ಹಾಸಿಗೆಯಲ್ಲಿ ನನ್ನ ಜೀವ ಹಿಡಿದಿಟ್ಟದ್ದು ಅವ್ವನ ಹುರುಳಿಕಾಳಿನ ಬಸ್ಸಾರಿನ ನೆನಪು. ಮದ್ದೂರಿನ ಹತ್ತಿರ ನಮ್ಮ ಹಳ್ಳಿ. ಮನೆಗೆ ಹೋಗಬೇಕು, ಬಿಸಿ ಮುದ್ದೆಯ ನಡುವೆ ಗುಳಿ ಮಾಡಿ ಆ ಸಾರು ಬಿಡಿಸಿಕೊಳ್ಳಬೇಕು. ಅದೊಂದೇ ಯೋಚನೆ. ಮೇಷ್ಟರ ಕೆಲಸಕ್ಕೆ ಮತ್ತೆ ಹೋಗುತ್ತೇನೋ ಇಲ್ಲವೋ ಎಂಬುದು ಕೂಡ ಅಷ್ಟಾಗಿ ಮನಸ್ಸಿಗೆ ಬರುತ್ತಿರಲಿಲ್ಲ.

ಮಗ ಬದುಕಿ ಬರುತ್ತಾನೆಂದು ಅವ್ವ ಮನೆಯ ಹಿತ್ತಾಳೆ ಪಾತ್ರೆಗಳಿಗೆಲ್ಲ ಕಲಾಯಿ ಹಾಕಿಸಿ ಕಾದಿದ್ದಳು. ನಾನು ಬಂದು ಕೂತೆ, ಮುದ್ದೆ, ಬಸ್ಸಾರು ಬಡಿಸಿದಳು. ಚಿಕ್ಕಂದಿನಿಂದ ಪ್ರತಿ ಊಟಕ್ಕೂ ಕೇಳುತ್ತಿದ್ದ ಹಾಗೇ ಕೇಳಿದಳು.

"ಎಂಗದ್ಲಾ?"

ಬಾಯಿಗಿಟ್ಟ ತುತ್ತನ್ನು ನುಂಗಲಾಗಲಿಲ್ಲ. ತಳದ ತವರ ಸವೆದ ಹಿತ್ತಾಳೆಯಲ್ಲಿ ಹುಣಿಸೆಹುಳಿ ನಿಂತರೆ ಹೇಗೆ ಹಸಿರುಗಟ್ಟಿ ಕಿಲುಬಾಗುತ್ತದೆಯೋ, ಥೇಟ್ ಅದೇ ರುಚಿ.

"ಕಿಲುಬಾಗದೆ ಕಣವ್ವ."

ಅವ್ವ ಅಂಗೈ ಮೇಲೆ ಒಂದು ತೊಟ್ಟು ಸಾರು ಬಿಟ್ಟುಕೊಂಡು ನೆಕ್ಕಿದಳು. ಅವಳ ನಾಲಗೆಗೆ ಏನೂ ತಗುಲಲಿಲ್ಲ. ಆದರೆ ಮಗ ಕಿಲುಬು ಎಂದನಲ್ಲ, ಅವಳಿಗೆ ಅಷ್ಟು ಸಾಕಿತ್ತು. "ನನ್ ನಾಲ್ಗೆ ಮುದಿಯಾಗದೆ ಬುಡು," ಎಂದು ಸಾರನ್ನು ಹಿತ್ತಿಲಿಗೆ ಚೆಲ್ಲಿದಳು. ಮಾರನೆಯ ದಿನ ಕಲಾಯಿ ಸಾಬರನ್ನು ಕರೆಸಿದಳು.

ಸಾಬರು ಮದ್ದೂರಿನವರು. ನಮ್ಮ ತಾತನ ಕಾಲದಿಂದ ಅವರ ಮನೆಯವರೇ ನಮ್ಮ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದದ್ದು. ಅವರು ಜಗಲಿಯ ಮುಂದೆ ಬಂದು ನಿಲ್ಲುವುದರೊಳಗೆ ಅವ್ವ ಶುರು ಮಾಡಿದಳು.

"ಯುದ್ಧ ಬಂದದೆ, ತವರ ಸಿಕ್ಕಾಕಿಲ್ಲ ಅಂತ ಸೀಸ ಬೆರಸಿದ್ದೀರಾ ಸಾಬ್ರೇ? ಸತ್ತು ಬದುಕಿರೋ ಮಗ ಕಣಪ್ಪ ಅವ್ನು!"

"ಅಲ್ಲಾನ ಆಣೆಗೂ ಇಲ್ಲ ಕಣವ್ವ," ಎಂದರು ಸಾಬರು. ತವರ ನಿಜಕ್ಕೂ ಸಿಗುತ್ತಿರಲಿಲ್ಲ. ಸೀಸ ಬೆರೆಸುವವರ ಸುದ್ದಿ ಸಂತೆಯಲ್ಲೆಲ್ಲ ಹಬ್ಬಿತ್ತು. ಆ ಹೆಸರು ಒಮ್ಮೆ ಅಂಟಿದರೆ ಯಾವ ಹಳ್ಳಿಯಲ್ಲೂ ಅವರಿಗೆ ಪಾತ್ರೆ ಕೊಡುವವರಿರಲಿಲ್ಲ. ಮಾತು ಬೆಳೆಸದೆ ಅಂಗಳದಲ್ಲಿ ಗುಳಿ ತೋಡಿ, ಇದ್ದಿಲು ಹಾಕಿ, ತಿದಿ ಒತ್ತತೊಡಗಿದರು. ತವರ ಹಿಡಿಯಲೆಂದು ಕಾದ ತಪ್ಪಲೆಗೆ ನವಸಾಗರದ ಪುಡಿ ಉದುರಿಸಿದಾಗ ಬಿಳಿಯ ಹೊಗೆ ಎದ್ದಿತು. ಉಳಿಸಿಕೊಂಡಿದ್ದ ತವರದ ತುಂಡನ್ನು ಒಳಗೆ ಉಜ್ಜಿ, ಹತ್ತಿಯಿಂದ ಒರೆಸಿದರು. ತಪ್ಪಲೆಯ ಒಳಗೆ ಕನ್ನಡಿಯ ಹಾಗೆ ಹೊಳಪು ಬಂತು. ಬಗ್ಗಿ ನೋಡಿದೆ. ನನ್ನ ಸೊಟ್ಟ ಮೂತಿ ಅದರಲ್ಲಿ ಇನ್ನಷ್ಟು ಸೊಟ್ಟಗೆ ಕಂಡಿತು.

ಅದೇ ತಪ್ಪಲೆಯಲ್ಲಿ ಅವ್ವ ಹುಣಿಸೆಹಣ್ಣಿನ ಸಾರು ಕುದಿಸಿದಳು. ಸಾಬರು ಮೊದಲು ತಾವೇ ಒಂದು ಲೋಟ ಕುಡಿದು, "ನನ್ ಬಾಯ್ಗೆ ಏನೂ ಇಲ್ಲ ಕಣಪ್ಪ. ನೀವ್ ನೋಡಿ," ಎಂದು ನನ್ನ ಮುಖವನ್ನೇ ನೋಡುತ್ತ ನಿಂತರು. ಅವ್ವನೂ ನಿಂತಳು. ನಾನು ಕುಡಿದೆ. ಮುಖ ಕಿವುಚಿದ್ದು ಅರ್ಧ ಮಾತ್ರ, ಇನ್ನರ್ಧ ಅಲ್ಲಾಡುತ್ತಲೇ ಇರಲಿಲ್ಲ. ಆ ಅರ್ಧ ಸಾಕಾಯಿತು. ಸಾಬರು ಸಾಮಾನು ಕಟ್ಟಿಕೊಂಡು, ಹೋಗಿ ಬರುತ್ತೇನೆ ಎನ್ನದೆ ಹೊರಟುಹೋದರು.

ಆಮೇಲೆ ಅವ್ವ ಹಿತ್ತಾಳೆಯನ್ನೆಲ್ಲ ಅಟ್ಟಕ್ಕೆ ಹಾಕಿ ಹೊಸ ಮಡಕೆ ತಂದಳು. ಹುಣಿಸೆಹಣ್ಣು ಬದಲಾಯಿತು, ಉಪ್ಪು ಬದಲಾಯಿತು, ಬಾವಿಯೂ ಬದಲಾಯಿತು. ಪ್ರತಿ ಹೊತ್ತೂ "ಈಗ ಎಂಗದ್ಲಾ?" ಎನ್ನುವಳು. ಆ ಪ್ರಶ್ನೆಗೆ ಹೆದರಿ ನಾನು ಊಟದ ಹೊತ್ತಿಗೆ ಸರಿಯಾಗಿ ಮನೆ ಬಿಟ್ಟು ಹೋಗತೊಡಗಿದೆ.

ಹಾಗೆ ಹೋದ ಒಂದು ಮಧ್ಯಾಹ್ನ ನಾಲೆಗೆ ಇಳಿದು, ಬೊಗಸೆಯಲ್ಲಿ ನೀರು ಎತ್ತಿ ಕುಡಿದೆ. ಕಿಲುಬು. ನನ್ನ ಕೈಗೆ ಯಾವ ಸಾಬರು ಕಲಾಯಿ ಹಾಕಬೇಕು? ಪಕ್ಕದ ಗದ್ದೆಯಲ್ಲಿ ಬುತ್ತಿ ಬಿಚ್ಚಿದ್ದವರಿಂದ ಒಂದು ಹರಳು ಉಪ್ಪು ಕೇಳಿ ಇಸಿದುಕೊಂಡು ನಾಲಗೆಯ ಬಲಕ್ಕೆ ಇಟ್ಟೆ. ಮರಳು ಇಟ್ಟ ಹಾಗಿತ್ತು. ಎಡಕ್ಕೆ ಹೊರಳಿಸಿದರೆ ಉಪ್ಪೇನೋ ತಗುಲಿತು, ಅದರ ಮೇಲೂ ಕಿಲುಬು ಹತ್ತಿಕೊಂಡಿತ್ತು. ಏರಿಯ ಮೇಲೆ ಕೂತು ಗಟ್ಟಿಯಾಗಿ ಅತ್ತೆ. ಕಿವಿ ಹೋದಾಗ ಅತ್ತಿರಲಿಲ್ಲ, ಮುಖ ಸೊಟ್ಟಗಾದಾಗಲೂ ಅತ್ತಿರಲಿಲ್ಲ. ನನಗೆ ಬೇಕಾಗಿದ್ದದ್ದು ಒಂದೇ, ಅದೂ ಹೋಗಿತ್ತು. ಇದಕ್ಕೆ ಯಾಕೆ ಉಳಿಸಿದರು ಎಂದು ಆ ಡಾಕ್ಟರನ್ನು ಮನಸಾರೆ ಶಪಿಸಿದೆ.

ಮನೆಗೆ ಬಂದು ಹೇಳಿದೆ. "ಪಾತ್ರೆ ಚೆನ್ನಾಗದೆ ಕಣವ್ವ. ಕಿಲುಬು ನನ್ ಬಾಯಲ್ಲೇ ಅದೆ. ಇನ್ನ ಓಗಾಕಿಲ್ಲ."

ಅವ್ವ ಒಲೆಯ ಮುಂದೆ ಕೂತಿದ್ದವಳು ಉರಿಯುವ ಸೌದೆಯನ್ನು ಹೊರಗೆ ಎಳೆದಿಟ್ಟಳು. ಆಮೇಲೆ, "ಆ ಸಾಬಣ್ಣನ್ನ ಸುಮ್ಸುಮ್ನೆ ಬೈದ್ನಲ್ಲಪ್ಪ," ಎಂದಳು. ಮರುದಿನ ಸೆರಗಿನ ತುಂಬ ಅವರೆಕಾಯಿ ಕಟ್ಟಿಕೊಂಡು ಮದ್ದೂರಿಗೆ ನಡೆದೇ ಹೋಗಿ, ಅವರ ಬಾಗಿಲಲ್ಲಿ ನಿಂತು ತಪ್ಪಾಯಿತು ಎಂದು ಹೇಳಿ ಬಂದಳು.

ಅವತ್ತಿನಿಂದ ಅವಳು ನನ್ನನ್ನು "ಎಂಗದ್ಲಾ" ಎಂದು ಕೇಳಲಿಲ್ಲ. ಬಡಿಸುವಳು, ಗೋಡೆಯ ಕಡೆ ನೋಡುತ್ತ ಕೂರುವಳು. ಆ ಪ್ರಶ್ನೆಗೆ ಹೆದರಿ ಓಡುತ್ತಿದ್ದವನಿಗೆ ಅದಿಲ್ಲದ ಊಟ ಇನ್ನೂ ಕಷ್ಟವಾಯಿತು. ಯಂತ್ರಕ್ಕೆ ಎಣ್ಣೆ ಬಿಡುವಂತೆ ಹೊಟ್ಟೆಗೆ ಹಾಕಿಕೊಂಡು ಏಳುತ್ತಿದ್ದೆ.

ಸ್ವಾತಂತ್ರ್ಯ ಬರುವುದಕ್ಕೆ ಸ್ವಲ್ಪ ಮೊದಲು ಅವ್ವ ತೀರಿಕೊಂಡಳು. ತಿಥಿ ಮುಗಿದು ನೆಂಟರೆಲ್ಲ ಹೊರಟ ಮೇಲೆ, ಬೆಸಗರಹಳ್ಳಿಗೆ ಕೊಟ್ಟಿದ್ದ ಅಕ್ಕ ಅಟ್ಟದಿಂದ ಆ ತಪ್ಪಲೆ ಇಳಿಸಿ ಹುರುಳಿಕಾಳಿನ ಬಸ್ಸಾರು ಮಾಡಿದಳು. ಸಾಬರು ಹಾಕಿದ್ದ ಕಲಾಯಿ ಇನ್ನೂ ಹೊಳೆಯುತ್ತಿತ್ತು. ಮೊದಲ ತುತ್ತಿಗೇ ಭಾವ ತಲೆ ಎತ್ತಿ, "ಅತ್ತೆ ಕೈದೇ ಕಣೇ," ಎಂದ. ಅಕ್ಕನ ಮಕ್ಕಳು "ಅಜ್ಜಿ ಸಾರು, ಅಜ್ಜಿ ಸಾರು" ಎಂದು ಮತ್ತೆ ಮತ್ತೆ ಹಾಕಿಸಿಕೊಂಡವು. ಎಲ್ಲರೂ ಅಳುತ್ತಾ ಉಣ್ಣುತ್ತಿದ್ದರು. ಅಕ್ಕ ನನ್ನ ಕಡೆ ತಿರುಗಿ, ನನ್ನ ನಾಲಗೆಯ ಸಂಗತಿ ಮರೆತು ಕೇಳಿಯೇಬಿಟ್ಟಳು.

"ಎಂಗದ್ಲಾ?"

"ಅವ್ವಂದೇ ಕಣಕ್ಕ," ಎಂದೆ. ಅವರೆಲ್ಲರಿಗೂ ಆ ಹೊತ್ತು ಅವ್ವ ಬಂದು ಹೋದಳು. ನನ್ನ ಬಾಯಿಗೆ ಮಾತ್ರ ಬರಲಿಲ್ಲ.